ಮನೆಯ ಧ್ವನಿ ಸಹಾಯಕವನ್ನು ಎಐಗೆ ಬದಲಾಯಿಸಬೇಕೇ, ಇದ್ದ ಹಾಗೆಯೇ ಬಿಡಬೇಕೇ?

ಪ್ರಶ್ನೆ ಕೇಳಿದವರು:

ನಮಸ್ಕಾರ. ಒಂದು ತಿಂಗಳಿಂದ ನಮ್ಮ ಸ್ಮಾರ್ಟ್ ಸ್ಪೀಕರ್‌ನ ಆ್ಯಪ್ ತೆರೆದಾಗಲೆಲ್ಲ, ಧ್ವನಿ ಸಹಾಯಕವನ್ನು ಹೊಸ ಎಐ ಆವೃತ್ತಿಗೆ ಬದಲಾಯಿಸಿಕೊಳ್ಳಿ ಎಂಬ ಸೂಚನೆ ಬರುತ್ತಿದೆ. ಅದರ ಕೆಳಗೆ ‘ಈಗಲೇ’, ‘ಆಮೇಲೆ’ ಎಂಬ ಎರಡು ಆಯ್ಕೆಗಳಿವೆ. ‘ಬೇಡ’ ಎಂಬುದು ಇಲ್ಲ. ನಾನು ಪ್ರತಿ ಸಲವೂ ‘ಆಮೇಲೆ’ ಒತ್ತುತ್ತ ಬಂದಿದ್ದೇನೆ. ಹೀಗೆ ಮುಂದೂಡುವುದನ್ನು ಬಿಟ್ಟು, ಅಳೆದು ತೂಗಿ ಒಂದು ತೀರ್ಮಾನಕ್ಕೆ ಬರೋಣವೆಂದು ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಮನೆಯಲ್ಲಿ ಮೂರು ಸ್ಪೀಕರ್‌ಗಳಿವೆ: ಹಾಲ್‌ನಲ್ಲಿ ಒಂದು, ನಾನು ಕೆಲಸ ಮಾಡುವ ಕೋಣೆಯಲ್ಲಿ ಒಂದು, ಅಮ್ಮನ ಕೋಣೆಯಲ್ಲಿ ಒಂದು. ನನ್ನ ಚಿಂತೆಯೆಲ್ಲ ಈ ಮೂರನೆಯದರ ಬಗ್ಗೆ. ಅಮ್ಮನಿಗೆ 78 ವರ್ಷ. ಗ್ಲಾಕೋಮಾದಿಂದ ದೃಷ್ಟಿ ತೀರ ಮಂದವಾಗಿದೆ. ಗೋಡೆ ಗಡಿಯಾರದ ಮುಳ್ಳು ಕಾಣುವುದಿಲ್ಲ, ಫೋನಿನ ಪರದೆಯ ಮಾತಂತೂ ದೂರವೇ ಉಳಿಯಿತು. ಆರು ವರ್ಷಗಳ ಹಿಂದೆ ಈ ಸ್ಪೀಕರ್ ತಂದಿಟ್ಟಾಗ ಅವರು ಅದರ ಜೊತೆ ಮಾತಾಡಲು ಸಂಕೋಚಪಟ್ಟರು. ಆಮೇಲೆ ಒಂದೊಂದಾಗಿ ಕಲಿತರು. ಗಂಟೆ ಎಷ್ಟು, ದೀಪ ಹಾಕು, ದೀಪ ಆರಿಸು, ರೇಡಿಯೊ ಹಾಕು, ಶಬ್ದ ಕಡಿಮೆ ಮಾಡು, ಮಗನಿಗೆ ಫೋನ್ ಮಾಡು, ಬೆಳಗಿನ ಮಾತ್ರೆಯ ಅಲಾರಂ, ರಾತ್ರಿ ಕಣ್ಣಿನ ಹನಿಯ ಅಲಾರಂ. ಎಣಿಸಿ ನೋಡಿದರೆ ಎಂಟು ಆಜ್ಞೆಗಳು. ಆ ಎಂಟನ್ನು ಅದಕ್ಕೆ ಅರ್ಥವಾಗುವ ರೀತಿಯಲ್ಲೇ ಹೇಳಲು ಕಲಿಯುವುದಕ್ಕೆ ಅವರಿಗೆ ಎರಡು ತಿಂಗಳು ಹಿಡಿಯಿತು. ಇಂದು ಅವರು ಕತ್ತಲಲ್ಲಿ ಎದ್ದು ಕೂತು, ದಿಂಬಿನಿಂದ ತಲೆ ಎತ್ತುವ ಮೊದಲೇ ಗಂಟೆ ಕೇಳುತ್ತಾರೆ, ಉತ್ತರವೂ ತಕ್ಷಣ ಬರುತ್ತದೆ. ಆ ನೆಮ್ಮದಿಯನ್ನು ಕೆಡಿಸಲು ನನಗೆ ಮನಸ್ಸಿಲ್ಲ.

ನನ್ನ ಮಗಳ ವಾದ ಬೇರೆಯೇ ಇದೆ. ‘ಅಪ್ಪಾ, ಅಜ್ಜಿಗೆ ಹೊಸದೇ ಇನ್ನೂ ಸುಲಭ. ಹೀಗೇ ಹೇಳಬೇಕು ಅಂತ ನೆನಪಿಡೋದೇ ಬೇಡ, ಹೇಗೆ ಹೇಳಿದ್ರೂ ಅದಕ್ಕೆ ಅರ್ಥ ಆಗುತ್ತೆ’ ಎನ್ನುತ್ತಾಳೆ. ಈ ಮಾತಿನಲ್ಲೂ ಹುರುಳಿದೆ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಅಮ್ಮ ವಾಕ್ಯವನ್ನು ಸ್ವಲ್ಪ ಬದಲಿಸಿ ಹೇಳಿದಾಗ ಈಗಿನದು ‘ಕ್ಷಮಿಸಿ, ಅರ್ಥವಾಗಲಿಲ್ಲ’ ಎನ್ನುತ್ತದೆ, ಅಮ್ಮ ತಮ್ಮದೇ ತಪ್ಪೆಂದು ಸುಮ್ಮನಾಗಿಬಿಡುತ್ತಾರೆ.

ಆದ್ದರಿಂದ ನನ್ನ ಪ್ರಶ್ನೆಗಳು ಇವು. ಹೊಸದಕ್ಕೆ ಹೋದ ಮೇಲೆ ಸರಿ ಬರದಿದ್ದರೆ ಹಳೆಯದಕ್ಕೆ ಮರಳಬಹುದೇ? ಅಲಾರಂ, ದೀಪಗಳಂಥ ಸಣ್ಣ ಕೆಲಸಗಳಲ್ಲಿ ಹೊಸದು ಹಳೆಯದರಷ್ಟೇ ನಂಬಿಕೆಗೆ ಅರ್ಹವೇ? ಮನೆಯ ಮಾತುಗಳು ಈಗಿನದಕ್ಕಿಂತ ಹೆಚ್ಚು ಹೊರಗೆ ಹೋಗುತ್ತವೆಯೇ? ಬಳಸಿ ನೋಡಿದವರು ದಯವಿಟ್ಟು ವಿವರವಾಗಿ ತಿಳಿಸಿ.

ಧ್ವನಿ ತಂತ್ರಾಂಶದಲ್ಲಿ ಕೆಲಸ ಮಾಡುವ ಸದಸ್ಯರು:

ನಿಮ್ಮ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು ಎಂದು ನನ್ನ ಭಾವನೆ. ಅದಕ್ಕೆ ಉತ್ತರಿಸಬೇಕಾದರೆ ಒಳಗೆ ಏನು ಬದಲಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ.

ಮೊದಲ ಹೆಜ್ಜೆ ಎರಡರಲ್ಲೂ ಒಂದೇ. ಸ್ಪೀಕರ್‌ನೊಳಗಿನ ಚಿಪ್ ತನ್ನನ್ನು ಹೆಸರಿಟ್ಟು ಕರೆದರೇ ಎಂಬುದನ್ನಷ್ಟೇ ಕಿವಿಗೊಟ್ಟು ಕಾಯುತ್ತಿರುತ್ತದೆ. ಆ ಹೆಸರು ಕೇಳಿದ ಮೇಲೆ ನೀವು ಆಡಿದ ಮಾತು ಸಾಮಾನ್ಯವಾಗಿ ಕಂಪನಿಯ ಸರ್ವರ್‌ಗೆ ಹೋಗಿ ಅಕ್ಷರರೂಪಕ್ಕೆ ಬರುತ್ತದೆ. ವ್ಯತ್ಯಾಸ ಶುರುವಾಗುವುದು ಇಲ್ಲಿಂದ ಮುಂದೆ. ಹಳೆಯ ವ್ಯವಸ್ಥೆಯನ್ನು ಅಚ್ಚಾದ ಅರ್ಜಿ ನಮೂನೆಗಳ ಕಟ್ಟು ಎಂದುಕೊಳ್ಳಿ. ಟೈಮರ್‌ಗೆ ಒಂದು ನಮೂನೆ, ದೀಪಕ್ಕೆ ಒಂದು ನಮೂನೆ, ಅಲಾರಂಗೆ ಇನ್ನೊಂದು. ‘ಹತ್ತು ನಿಮಿಷಕ್ಕೆ ಟೈಮರ್ ಇಡು’ ಎಂದಾಗ ಅದು ಟೈಮರ್ ನಮೂನೆಯನ್ನು ತೆಗೆದು, ಖಾಲಿ ಜಾಗದಲ್ಲಿ ಹತ್ತು ಎಂದು ತುಂಬುತ್ತದೆ. ನಿಮ್ಮ ಮಾತು ಯಾವ ನಮೂನೆಗೂ ಹೊಂದದಿದ್ದರೆ ಕೈಚೆಲ್ಲುತ್ತದೆ. ನಿಮ್ಮ ತಾಯಿಗೆ ಕೇಳಿಸುವ ‘ಅರ್ಥವಾಗಲಿಲ್ಲ’ ಎಂಬುದು ಅದೇ.

ಹೊಸ ವ್ಯವಸ್ಥೆಯಲ್ಲಿ ಆ ನಮೂನೆಗಳ ಮುಂದೆ ಒಂದು ದೊಡ್ಡ ಭಾಷಾ ಮಾದರಿ, ಅಂದರೆ ಅಪಾರ ಬರಹವನ್ನು ಓದಿ ಭಾಷೆ ಕಲಿತ ಎಐ, ಕೂತಿರುತ್ತದೆ. ನೀವು ಹೇಗೆ ಹೇಳಿದರೂ ಅದು ಇಡೀ ಮಾತನ್ನು, ಹಿಂದಿನ ಎರಡು ಮಾತುಗಳ ಸಂದರ್ಭವನ್ನೂ ಸೇರಿಸಿ, ಓದಿಕೊಂಡು ಯಾವ ನಮೂನೆ ತುಂಬಬೇಕು, ಅಥವಾ ಏನನ್ನೂ ತುಂಬದೆ ಬರೀ ಉತ್ತರ ಹೇಳಬೇಕೇ ಎಂದು ನಿರ್ಧರಿಸುತ್ತದೆ. ಇದರಿಂದ ಸಿಗುವ ಸ್ವಾತಂತ್ರ್ಯ ಸಣ್ಣದಲ್ಲ. ‘ಇಲ್ಲಿ ತುಂಬಾ ಕತ್ತಲು’ ಎಂದರೆ ದೀಪ ಹಾಕಬೇಕೆಂದು ಅದಕ್ಕೆ ಹೊಳೆಯುತ್ತದೆ. ಆದರೆ ಮಾದರಿ ಕೆಲಸ ಮಾಡುವುದು ಸಂಭವನೀಯತೆಯ ಮೇಲೆ. ಮುಂದಿನ ಪದ ಯಾವುದಿರಬಹುದು ಎಂದು ಊಹಿಸುತ್ತಲೇ ಅದು ವಾಕ್ಯವನ್ನೂ ಕಟ್ಟುತ್ತದೆ, ಆಜ್ಞೆಯನ್ನೂ ಕಟ್ಟುತ್ತದೆ. ಹಾಗಾಗಿ ಒಂದೇ ಮಾತಿಗೆ ಸೋಮವಾರ ಒಂದು ಹಾದಿ, ಮಂಗಳವಾರ ಇನ್ನೊಂದು ಹಾದಿ ಹಿಡಿಯುವ ಸಾಧ್ಯತೆ ಪೂರ್ತಿ ಇಲ್ಲವಾಗುವುದಿಲ್ಲ.

ನಾನು ಒತ್ತಿ ಹೇಳಬೇಕಾದದ್ದು ತಪ್ಪಿನ ಸ್ವರೂಪದ ಬಗ್ಗೆ. ಹಳೆಯದು ತಪ್ಪಿದಾಗ ಹೆಚ್ಚಾಗಿ ‘ಆಗಲಿಲ್ಲ’ ಎಂದು ಬಾಯಿಬಿಟ್ಟು ಹೇಳುತ್ತದೆ. ಹೊಸದು ತಪ್ಪಿದಾಗ, ಕೆಲಸ ಮಾಡದೆಯೇ ‘ಸರಿ, ಅಲಾರಂ ಇಟ್ಟಿದ್ದೇನೆ’ ಎಂದು ಸ್ಪಷ್ಟ ದನಿಯಲ್ಲಿ ಹೇಳಿಬಿಡಬಹುದು. ಆ ವಾಕ್ಯ ಹುಟ್ಟಲು ಅಲಾರಂ ನಿಜವಾಗಿ ಇಟ್ಟಿರಲೇಬೇಕೆಂದಿಲ್ಲ. ಅಂಥ ಕೋರಿಕೆಯ ನಂತರ ಸಾಮಾನ್ಯವಾಗಿ ಅಂಥ ವಾಕ್ಯ ಬರುತ್ತದೆ ಎಂಬುದಷ್ಟೇ ಸಾಕು. ಒಳ್ಳೆಯ ತಯಾರಕರು ಕೆಲಸ ಮುಗಿದದ್ದನ್ನು ಖಚಿತಪಡಿಸಿಕೊಂಡ ಮೇಲೆಯೇ ಉತ್ತರ ಹೊರಡುವಂತೆ ಕಟ್ಟುತ್ತಾರೆ, ಕೆಲವರು ಟೈಮರ್‌ನಂಥ ಸಣ್ಣ ಆಜ್ಞೆಗಳನ್ನು ಭಾಷಾ ಮಾದರಿಗೆ ಕಳಿಸದೆ ಹಳೆಯ ದಾರಿಯಲ್ಲೇ ಕಳಿಸುತ್ತಾರೆ. ಕಣ್ಣು ಕಾಣುವವರು ಪರದೆಯನ್ನೋ ದೀಪವನ್ನೋ ನೋಡಿ ಖಚಿತಪಡಿಸಿಕೊಳ್ಳಬಹುದು. ನಿಮ್ಮ ತಾಯಿಗೆ ಆ ದಾರಿ ಇಲ್ಲ ಎಂಬುದನ್ನು ಮರೆಯಬೇಡಿ.

ಇದು ಎಷ್ಟು ಕಷ್ಟದ ಕೆಲಸ ಎಂಬುದಕ್ಕೆ ಕಾಲಾನುಕ್ರಮವೇ ಸಾಕ್ಷಿ. ಸಿರಿ 2011ರಲ್ಲಿ ಐಫೋನ್ 4ಎಸ್ ಜೊತೆ ಬಂತು, ಅಲೆಕ್ಸಾ 2014ರ ನವೆಂಬರ್‌ನಲ್ಲಿ ಎಕೋ ಸ್ಪೀಕರ್ ಜೊತೆ, ಗೂಗಲ್ ಹೋಮ್ 2016ರ ನವೆಂಬರ್‌ನಲ್ಲಿ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಾಗ, ಇನ್ನು ಸ್ಪೀಕರ್‌ಗಳೂ ಹೀಗೆ ಮಾತಾಡಲು ಕೆಲವೇ ತಿಂಗಳು ಸಾಕೆಂದು ಹಲವರು ಭಾವಿಸಿದರು. ಆದರೆ ಅಮೆಜಾನ್ ಅಲೆಕ್ಸಾದ ಎಐ ಆವೃತ್ತಿಯಾದ ಅಲೆಕ್ಸಾ ಪ್ಲಸ್ ಅನ್ನು ಪ್ರಕಟಿಸಿದ್ದು 2025ರ ಫೆಬ್ರವರಿಯಲ್ಲಿ. ಗೂಗಲ್ ಮನೆಯ ಸ್ಪೀಕರ್‌ಗಳಿಗೆ ತನ್ನ ಎಐ ಸಹಾಯಕವಾದ ಜೆಮಿನಿಯನ್ನು ಘೋಷಿಸಿದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಆಪಲ್ 2024ರ ಜೂನ್‌ನಲ್ಲಿ ತೋರಿಸಿದ ಹೊಸ ಸಿರಿಯ ಮುಖ್ಯ ಭಾಗವನ್ನು 2025ರ ಮಾರ್ಚ್‌ನಲ್ಲಿ ಮುಂದೂಡಬೇಕಾಯಿತು. ಮಾತಾಡಿಸುವುದು ಸುಲಭ, ಮಾತಾಡಿದಂತೆ ಪ್ರತಿ ಸಲವೂ ಮಾಡಿಸುವುದು ಕಷ್ಟ.

ಎರಡು ತಿಂಗಳ ಹಿಂದೆ ಬದಲಾಯಿಸಿದ ಸದಸ್ಯರು:

ಮೇಲಿನವರು ಹೇಳಿದ್ದು ನಮ್ಮ ಮನೆಯಲ್ಲಿ ಅಕ್ಷರಶಃ ನಡೆದಿದೆ. ಯಾವ ಸೇವೆ ಎಂದು ಹೆಸರಿಸುವುದಿಲ್ಲ, ಅದು ಈಗ ಸುಧಾರಿಸಿರಲೂಬಹುದು.

ನನಗೆ ಮೊದಲು ಗಮನಕ್ಕೆ ಬಂದದ್ದು ತಡ. ರಾತ್ರಿ ಮಗುವನ್ನು ಹೆಗಲ ಮೇಲೆ ಮಲಗಿಸಿಕೊಂಡು, ಪಿಸುದನಿಯಲ್ಲಿ ‘ದೀಪ ಆರಿಸು’ ಎಂದೆ. ಹಿಂದೆ ಮಾತು ಮುಗಿಯುತ್ತಿದ್ದಂತೆ ದೀಪ ಆರುತ್ತಿತ್ತು, ಒಂದು ಸಣ್ಣ ‘ಟಿಂಗ್’ ಕೇಳುತ್ತಿತ್ತು, ಅಷ್ಟೇ. ಈಗ ಎರಡು ಮೂರು ಸೆಕೆಂಡ್ ಮೌನ. ಕೇಳಿಸಲಿಲ್ಲವೇನೋ ಎಂದು ನಾನು ಮತ್ತೆ ಹೇಳುವಷ್ಟರಲ್ಲಿ, ‘ಖಂಡಿತ, ಮಲಗುವ ಕೋಣೆಯ ದೀಪವನ್ನು ಆರಿಸುತ್ತೇನೆ, ನಿಮಗೆ ಒಳ್ಳೆಯ ನಿದ್ದೆ ಬರಲಿ’ ಎಂದು ಪೂರ್ತಿ ದನಿಯಲ್ಲಿ ಹೇಳಿತು. ಮಗು ಎದ್ದಿತು. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಉತ್ತರಗಳನ್ನು ಚುಟುಕಾಗಿಸುವ ಆಯ್ಕೆ ಸಿಕ್ಕಿತು, ಅದರಿಂದ ಮಾತು ಕಡಿಮೆಯಾಯಿತು. ತಡ ಮಾತ್ರ ಹಾಗೆಯೇ ಉಳಿಯಿತು.

ಎರಡನೆಯದು ರೊಟೀನ್‌ಗಳ ವಿಷಯ. ನಾನು ‘ಹೊರಟೆ’ ಎಂದರೆ ಎಲ್ಲ ದೀಪ ಆರಿ ಎರಡು ಸ್ಮಾರ್ಟ್ ಪ್ಲಗ್ ಬಂದ್ ಆಗುವಂತೆ ಹೊಂದಿಸಿಕೊಂಡಿದ್ದೆ. ಬದಲಾದ ಮೊದಲ ವಾರದಲ್ಲಿ ಎರಡು ಸಲ ಅದು ‘ಹೊರಟೆ’ ಎಂಬುದನ್ನು ಮಾತುಕತೆ ಎಂದು ತಿಳಿದು, ‘ಸುರಕ್ಷಿತವಾಗಿ ಹೋಗಿಬನ್ನಿ’ ಎಂದು ಹಾರೈಸಿ ಸುಮ್ಮನಾಯಿತು. ನಾನು ಬಾಗಿಲು ಹಾಕಿಕೊಂಡು ಹೋಗಿಯಾಗಿತ್ತು. ಸಂಜೆ ಬಂದಾಗ ಎಲ್ಲ ದೀಪಗಳೂ ಉರಿಯುತ್ತಿದ್ದವು. ಆ ರೊಟೀನ್‌ಗೆ ಮಾತುಕತೆಯಲ್ಲಿ ಸಹಜವಾಗಿ ಬರದಂಥ ಬೇರೆ ಹೆಸರು ಇಟ್ಟ ಮೇಲೆ ತೊಂದರೆ ತಪ್ಪಿತು. ಬದಲಾಯಿಸುವವರು ಮೊದಲು ತಮ್ಮ ರೊಟೀನ್‌ಗಳ ಹೆಸರುಗಳನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಇಷ್ಟಾದರೂ ನಾನು ಮರಳಿ ಹೋಗಿಲ್ಲ. ದೊಡ್ಡ ಮಗ ಪಾಠದ ಬಗ್ಗೆ ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತ ಹೋಗುವುದನ್ನು ನೋಡಿದಾಗ, ಹಳೆಯದರಲ್ಲಿ ಇದು ಸಾಧ್ಯವೇ ಇರಲಿಲ್ಲ ಎಂದು ಅನ್ನಿಸುತ್ತದೆ. ಉತ್ತರಗಳನ್ನು ಪುಸ್ತಕದ ಜೊತೆ ಹೋಲಿಸಿ ನೋಡು ಎಂದು ಮಾತ್ರ ಅವನಿಗೆ ಹೇಳಿಟ್ಟಿದ್ದೇನೆ.

ದೃಷ್ಟಿ ಇಲ್ಲದ ಸದಸ್ಯರು:

ನಿಮ್ಮ ತಾಯಿಯವರ ಬಗ್ಗೆ ಓದಿದ್ದರಿಂದ ಬರೆಯುತ್ತಿದ್ದೇನೆ. ನನಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಧ್ವನಿ ಸಹಾಯಕಗಳನ್ನು ಎಂಟು ವರ್ಷಗಳಿಂದ ಬಳಸುತ್ತಿದ್ದೇನೆ. ಇಲ್ಲಿಯವರೆಗಿನ ಉತ್ತರಗಳನ್ನು ನೋಡಿದರೆ ಹಿರಿಯರಿಗೆ, ದೃಷ್ಟಿದೋಷ ಇರುವವರಿಗೆ ಹಳೆಯದೇ ಸಾಕು ಎಂಬ ಅಭಿಪ್ರಾಯ ಮೂಡುತ್ತಿದೆ. ಅದನ್ನು ನಾನು ಒಪ್ಪುವುದಿಲ್ಲ.

ಹಳೆಯದು ‘ಅರ್ಥವಾಗಲಿಲ್ಲ’ ಎಂದಾಗ ನಿಮ್ಮ ತಾಯಿ ಸುಮ್ಮನಾಗುತ್ತಾರೆ ಎಂದು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ದಯವಿಟ್ಟು ಅಲ್ಲಿ ಸ್ವಲ್ಪ ನಿಲ್ಲಿ. ಅವರು ಎಂಟು ಆಜ್ಞೆಗಳನ್ನು ಬಳಸುತ್ತಿರುವುದು ಅವರಿಗೆ ಎಂಟೇ ಬೇಕಾಗಿರುವುದರಿಂದ ಇರಲಾರದು. ಒಂಬತ್ತನೆಯದನ್ನು ಕೇಳಿದಾಗ ಆಗಲಿಲ್ಲವಾದ್ದರಿಂದ ಕೇಳುವುದನ್ನೇ ಬಿಟ್ಟಿರಬಹುದು. ನಾನೂ ಹಾಗೆಯೇ ಬಿಟ್ಟಿದ್ದೆ. ಹೊಸದು ಬಂದ ಮೇಲೆ ನನಗೆ ಆದ ದೊಡ್ಡ ಅನುಕೂಲವೆಂದರೆ ಮಾತಿನ ಮಧ್ಯೆ ತಿದ್ದಿಕೊಳ್ಳಲು ಆಗುವುದು. ‘ನಾಳೆ ಏಳಕ್ಕೆ, ಅಲ್ಲ, ಬೇಡ, ಆರೂವರೆಗೆ ಎಬ್ಬಿಸು, ಭಾನುವಾರ ಮಾತ್ರ ಬೇಡ’ ಎಂದು ತಡವರಿಸಿ ಹೇಳಿದರೂ ಅದು ಸರಿಯಾಗಿ ಹಿಡಿಯುತ್ತದೆ. ಇದೇ ಮಾತನ್ನು ಹಳೆಯದಕ್ಕೆ ಹೇಳಿದ್ದರೆ ಏಳಕ್ಕೂ ಒಂದು, ಆರೂವರೆಗೂ ಒಂದು ಅಲಾರಂ ಇಡುತ್ತಿತ್ತು, ಇಲ್ಲವೇ ಎರಡನ್ನೂ ಬಿಡುತ್ತಿತ್ತು. ವಯಸ್ಸಾದವರು ಮಾತಾಡುವಾಗ ನಡುವೆ ನಿಲ್ಲುತ್ತಾರೆ, ಪದಕ್ಕಾಗಿ ತಡಕಾಡುತ್ತಾರೆ. ಅದನ್ನು ಸಹಿಸುವ ಯಂತ್ರ ಅವರಿಗೆ ಬೇಕು.

ಸುಳ್ಳು ದೃಢೀಕರಣದ ಅಪಾಯ ನಿಜ. ಅದಕ್ಕೆ ನಾನು ಮಾಡಿಕೊಂಡ ಅಭ್ಯಾಸ ಹೀಗಿದೆ: ಅಲಾರಂ ಇಟ್ಟ ಮೇಲೆ, ಅದೇ ಸಂಭಾಷಣೆಯಲ್ಲಿ ಅಲ್ಲ, ಸ್ವಲ್ಪ ಹೊತ್ತು ಬಿಟ್ಟು ಹೊಸದಾಗಿ ಹೆಸರಿಟ್ಟು ಕರೆದು, ‘ಯಾವ ಯಾವ ಅಲಾರಂ ಇವೆ?’ ಎಂದು ಕೇಳುತ್ತೇನೆ. ಆಗ ಅದು ಮುಂಚಿನ ಮಾತನ್ನು ನೆನಪಿಸಿಕೊಂಡು ಉತ್ತರಿಸುವ ಬದಲು ಪಟ್ಟಿಯನ್ನೇ ತೆರೆದು ನೋಡುವ ಸಾಧ್ಯತೆ ಹೆಚ್ಚು ಎಂಬುದು ನನ್ನ ಅನುಭವ. ಎರಡು ತಿಂಗಳಲ್ಲಿ ಒಮ್ಮೆ ಮಾತ್ರ ವ್ಯತ್ಯಾಸ ಸಿಕ್ಕಿತು. ಒಮ್ಮೆ ಎಂಬುದೂ ಔಷಧಿಯ ವಿಷಯದಲ್ಲಿ ಹೆಚ್ಚೇ, ಒಪ್ಪುತ್ತೇನೆ. ಆದರೆ ಔಷಧಿಯ ಅಲಾರಂ ಒಂದೇ ಯಂತ್ರವನ್ನು ನೆಚ್ಚಿಕೊಂಡಿರಬಾರದು ಎಂಬ ಮಾತು ಹಳೆಯದಕ್ಕೂ ಸಲ್ಲುತ್ತದೆ. ವೈ-ಫೈ ಹೋದ ದಿನ ಹಳೆಯದೂ ಗಂಟೆ ಹೇಳುವುದಿಲ್ಲ.

ಕೊನೆಯದಾಗಿ ಒಂದು ಮಾತು. ನೀವು, ನಿಮ್ಮ ಮಗಳು, ನಾವೆಲ್ಲ ನಿಮ್ಮ ತಾಯಿಯವರ ಪರವಾಗಿ ಮಾತಾಡುತ್ತಿದ್ದೇವೆ. ಅವರನ್ನು ಕೇಳಿದ್ದೀರಾ?

ಮಾಹಿತಿ ಸುರಕ್ಷತೆಯಲ್ಲಿ ಆಸಕ್ತಿ ಇರುವ ಸದಸ್ಯರು:

ಮೂರನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಮನೆಯ ಮಾತು ಹೊರಗೆ ಹೋಗುವುದು ಎಐಯಿಂದ ಶುರುವಾದದ್ದಲ್ಲ. ಅಮೆಜಾನ್, ಗೂಗಲ್, ಆಪಲ್ ಮೂರೂ ಕಂಪನಿಗಳ ಧ್ವನಿಮುದ್ರಣಗಳ ಒಂದು ಭಾಗವನ್ನು ಗುಣಮಟ್ಟ ಪರೀಕ್ಷೆಗಾಗಿ ಮನುಷ್ಯರೇ ಕೇಳುತ್ತಿದ್ದರು ಎಂಬುದು 2019ರಲ್ಲಿ ಬಯಲಾಯಿತು. ಮಕ್ಕಳ ಧ್ವನಿಮುದ್ರಣಗಳನ್ನು ಅಳಿಸದೆ ಇಟ್ಟುಕೊಂಡಿತು ಎಂಬ ಆರೋಪದ ಪ್ರಕರಣವನ್ನು ಇತ್ಯರ್ಥಪಡಿಸಲು 2023ರಲ್ಲಿ ಅಮೆಜಾನ್ 2.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಇವೆಲ್ಲ ಹಳೆಯ ಸಹಾಯಕಗಳ ಕಾಲದವೇ.

ಎಐ ಬಂದ ಮೇಲೆ ಎರಡು ಸಂಗತಿ ಬದಲಾಗುತ್ತವೆ. ದೊಡ್ಡ ಮಾದರಿಗಳು ಸ್ಪೀಕರ್‌ನೊಳಗೆ ಹಿಡಿಸುವುದಿಲ್ಲ, ಆದ್ದರಿಂದ ಸರ್ವರ್ ಮೇಲಿನ ಅವಲಂಬನೆ ಹೆಚ್ಚುತ್ತದೆ. ಕೆಲವು ಎಕೋ ಸ್ಪೀಕರ್‌ಗಳಲ್ಲಿ ಧ್ವನಿಯನ್ನು ಹೊರಗೆ ಕಳಿಸದೆ ಯಂತ್ರದಲ್ಲೇ ಅಕ್ಷರವಾಗಿಸುವ ಆಯ್ಕೆ ಇತ್ತು. ಅಮೆಜಾನ್ ಅದನ್ನು 2025ರ ಮಾರ್ಚ್ 28ರಂದು ತೆಗೆದುಹಾಕಿತು. ಎರಡನೆಯದಾಗಿ, ಹೊಸದು ಉಪಯೋಗಕ್ಕೆ ಬರಬೇಕಾದರೆ ಅದಕ್ಕೆ ನಿಮ್ಮ ಕ್ಯಾಲೆಂಡರ್, ಇಮೇಲ್, ಸಂಪರ್ಕಗಳನ್ನು ಓದಲು ಬಿಡಬೇಕು. ಓದುವ ಯಂತ್ರಕ್ಕೆ ಓದಿನ ಮೂಲಕವೇ ಮೋಸ ಮಾಡಬಹುದು. 2025ರ ಆಗಸ್ಟ್‌ನಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದವರೂ ಸೇರಿದ್ದ ಸಂಶೋಧಕರ ತಂಡವೊಂದು ಇದನ್ನು ತೋರಿಸಿಕೊಟ್ಟಿತು. ಕ್ಯಾಲೆಂಡರ್ ಆಹ್ವಾನವೊಂದರ ಶೀರ್ಷಿಕೆಯಲ್ಲಿ ಆಜ್ಞೆಯನ್ನು ಅಡಗಿಸಿ ಕಳಿಸಿದರು. ಬಳಕೆದಾರರು ಜೆಮಿನಿಗೆ ‘ಈ ವಾರ ಏನೇನಿದೆ?’ ಎಂದು ಕೇಳಿದಾಗ ಅದು ಆಹ್ವಾನವನ್ನು ಓದಿ, ಅದರೊಳಗಿನ ಆಜ್ಞೆಯನ್ನು ಮನೆಯವರ ಆಜ್ಞೆ ಎಂದೇ ತಿಳಿದು ದೀಪ ಆರಿಸಿತು, ಕಿಟಕಿಯ ಕದ ತೆರೆಯಿತು. ಸಂಶೋಧಕರು ಮೊದಲೇ ತಿಳಿಸಿದ್ದರಿಂದ ಗೂಗಲ್ ರಕ್ಷಣೆಗಳನ್ನು ಸೇರಿಸಿತು. ಆದರೆ ಓದುವ ಮಾತಿಗೂ ಪಾಲಿಸುವ ಮಾತಿಗೂ ಇರುವ ಗೆರೆ ಭಾಷಾ ಮಾದರಿಗಳಲ್ಲಿ ತೆಳುವಾದದ್ದು.

ಆದ್ದರಿಂದ ನನ್ನ ಸಲಹೆ ಕಟ್ಟುನಿಟ್ಟಾದದ್ದು: ಬಾಗಿಲಿನ ಬೀಗ, ಗ್ಯಾಸ್, ಹೀಟರ್ ಇವುಗಳನ್ನು ಹೊಸ ಸಹಾಯಕದ ಕೈಗೆ ಕೊಡಬೇಡಿ. ದೀಪ, ರೇಡಿಯೊ, ಗಂಟೆ ಸಾಕು. ಸ್ಪೀಕರ್ ಅನ್ನು ಹೊರಗಿನಿಂದ ಕಾಣುವ ಕಿಟಕಿಯ ಪಕ್ಕ ಇಡಬೇಡಿ. ಮೈಕಿನ ಮೇಲೆ ಲೇಸರ್ ಬೆಳಕು ಬಿಟ್ಟು, ಒಂದೂ ಶಬ್ದವಿಲ್ಲದೆ ಆಜ್ಞೆ ಕೊಡಬಹುದೆಂದು 2019ರಲ್ಲೇ ಸಂಶೋಧಕರು ಸಾಧಿಸಿ ತೋರಿಸಿದ್ದಾರೆ. ಧ್ವನಿಮುದ್ರಣ ಎಷ್ಟು ಕಾಲ ಉಳಿಯಬೇಕು ಎಂಬ ಸೆಟ್ಟಿಂಗ್ ಅನ್ನು ಬದಲಾವಣೆಯ ನಂತರ ಮತ್ತೊಮ್ಮೆ ತೆರೆದು ನೋಡಿ.

ಮತ್ತೊಬ್ಬ ಸದಸ್ಯರು:

ಮರಳುವ ಬಗ್ಗೆ: ಅಲೆಕ್ಸಾ ಪ್ಲಸ್ ಆರಂಭದ ಹಂತದಲ್ಲಿ ಹಳೆಯದಕ್ಕೆ ಮರಳುವ ಅವಕಾಶ ಇಟ್ಟಿತ್ತು. ಗೂಗಲ್ ಮಾತ್ರ, ಸ್ಪೀಕರ್‌ನಲ್ಲಿ ಜೆಮಿನಿಗೆ ಬದಲಾದ ಮೇಲೆ ಹಳೆಯ ಅಸಿಸ್ಟೆಂಟ್‌ಗೆ ಮರಳಲು ಆಗುವುದಿಲ್ಲ ಎಂದು ಹೇಳಿದೆ. ಬದಲಾವಣೆ ಒಂದು ಸ್ಪೀಕರ್‌ಗೆ ಅಲ್ಲ, ಇಡೀ ಖಾತೆಗೆ ಅಥವಾ ಆ್ಯಪ್‌ನಲ್ಲಿ ‘ಮನೆ’ ಎಂದು ಗುಂಪು ಮಾಡಿದ ಎಲ್ಲದಕ್ಕೂ ಅನ್ವಯಿಸಬಹುದು. ‘ಈಗಲೇ’ ಒತ್ತುವ ಮೊದಲು ಆ ಪುಟವನ್ನು ಕೊನೆಯವರೆಗೆ ಓದಿ. ಪರೀಕ್ಷಿಸಿ ನೋಡಬೇಕೆಂದಿದ್ದರೆ ಒಂದು ಸ್ಪೀಕರ್ ಅನ್ನು ಬೇರೆ ಖಾತೆಗೆ ಹಾಕಿಕೊಂಡು ನೋಡಿ.

ಮನೆಯಲ್ಲೇ ಸರ್ವರ್ ಇಟ್ಟುಕೊಂಡಿರುವ ಸದಸ್ಯರು:

ಇಲ್ಲಿ ‘ಹಳೆಯದು’, ‘ಹೊಸದು’ ಎಂಬ ಎರಡೇ ದಾರಿಗಳ ಬಗ್ಗೆ ಮಾತು ನಡೆದಿದೆ. ಮೂರನೆಯದೂ ಇದೆ. ಮನೆಯ ಸ್ಮಾರ್ಟ್ ಯಂತ್ರಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ 2013ರಿಂದ ಬೆಳೆದುಬಂದಿದೆ. ಅದರ ತಂಡ 2023ನ್ನು ಧ್ವನಿಯ ವರ್ಷವೆಂದು ಕರೆದು ಆ ಕಡೆಗೆ ದುಡಿಯಿತು, 2024ರ ಡಿಸೆಂಬರ್‌ನಲ್ಲಿ ಅದರದ್ದೇ ಸಣ್ಣ ಧ್ವನಿ ಯಂತ್ರವೂ ಬಂತು. ಮಾತನ್ನು ಅಕ್ಷರವಾಗಿಸಲು ವಿಸ್ಪರ್, ಅಕ್ಷರವನ್ನು ಮಾತಾಗಿಸಲು ಪೈಪರ್, ಎರಡೂ ಮನೆಯ ಕಂಪ್ಯೂಟರ್‌ನಲ್ಲೇ ಓಡುತ್ತವೆ.

ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಒಂದು ಗುಣ ಅದರಲ್ಲಿದೆ. ಆಜ್ಞೆ ಬಂದಾಗ ಮೊದಲು ನಿಗದಿತ ವಾಕ್ಯಗಳ ಜೊತೆ ಹೋಲಿಸಿ ನೋಡು, ಹೊಂದಿದರೆ ಅಲ್ಲೇ ಮಾಡಿ ಮುಗಿಸು, ಹೊಂದದಿದ್ದರೆ ಮಾತ್ರ ಭಾಷಾ ಮಾದರಿಗೆ ಕಳಿಸು ಎಂದು ಹೊಂದಿಸಬಹುದು. ನಿಮ್ಮ ತಾಯಿಯವರ ಎಂಟು ಆಜ್ಞೆಗಳು ಹಳೆಯ ಖಚಿತತೆಯಲ್ಲೇ ನಡೆಯುತ್ತವೆ, ಒಂಬತ್ತನೆಯದು ಹೊಸದರ ಬಳಿ ಹೋಗುತ್ತದೆ. ನಮ್ಮ ಮನೆಯಲ್ಲಿ ನಾನು ಹೀಗೆಯೇ ಇಟ್ಟಿದ್ದೇನೆ. ಕೇಬಲ್ ಕಿತ್ತು ಇಂಟರ್‌ನೆಟ್ ಇಲ್ಲದ ದಿನವೂ ದೀಪಗಳು ಮಾತು ಕೇಳಿದವು.

ಆದರೆ ಇದನ್ನು ಎಲ್ಲರಿಗೂ ಹೇಳಲಾರೆ. ಕೋಣೆಯ ಆ ಮೂಲೆಯಿಂದ ಆಡಿದ ಮಾತನ್ನು ಹಿಡಿಯುವುದರಲ್ಲಿ ದೊಡ್ಡ ಕಂಪನಿಗಳ ಸ್ಪೀಕರ್‌ಗಳೇ ಇನ್ನೂ ಮುಂದಿವೆ. ಮಾದರಿಯನ್ನೂ ಮನೆಯಲ್ಲೇ ಓಡಿಸಬೇಕಾದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಕೆಟ್ಟಾಗ ಸರಿಪಡಿಸುವವರು ಮನೆಯಲ್ಲಿ ಇರಬೇಕು. ನಾನು ಊರಲ್ಲಿಲ್ಲದ ವಾರ ಅದು ಕೆಟ್ಟಿತ್ತು, ಮನೆಯವರು ನಾಲ್ಕು ದಿನ ಗೋಡೆಯ ಸ್ವಿಚ್‌ಗಳನ್ನೇ ಬಳಸಿದರು.

ಧ್ವನಿ ತಂತ್ರಾಂಶದಲ್ಲಿ ಕೆಲಸ ಮಾಡುವ ಸದಸ್ಯರು:

ನಾನು ಮೇಲೆ ಹೇಳಿದ್ದಕ್ಕೆ ಒಂದು ತಿದ್ದುಪಡಿ ಸೇರಿಸಬೇಕು. ಹಳೆಯದರಲ್ಲೇ ಉಳಿಯುವುದು ಶಾಶ್ವತ ಪರಿಹಾರ ಎಂಬ ಭಾವನೆ ಯಾರಿಗೂ ಬರಬಾರದು. ಇವು ಸರ್ವರ್ ನಂಬಿದ ಯಂತ್ರಗಳು. ರಿವಾಲ್ವ್ ಎಂಬ ಮನೆ ನಿಯಂತ್ರಣದ ಹಬ್ ಅನ್ನು ಗೂಗಲ್ ಬಳಗದ ನೆಸ್ಟ್ ಕಂಪನಿ ಕೊಂಡುಕೊಂಡ ಮೇಲೆ, 2016ರ ಮೇ ತಿಂಗಳಲ್ಲಿ ಅದರ ಸೇವೆಯನ್ನು ನಿಲ್ಲಿಸಿದಾಗ ಮನೆಗಳಲ್ಲಿದ್ದ ಚೆನ್ನಾದ ಯಂತ್ರಗಳು ಒಂದೇ ದಿನದಲ್ಲಿ ನಿಷ್ಪ್ರಯೋಜಕವಾದವು. ಹಳೆಯ ಸಹಾಯಕಗಳಿಗೂ ಅಂಥ ಒಂದು ದಿನ ಬರುತ್ತದೆ. ದೃಷ್ಟಿ ಇಲ್ಲದ ಸದಸ್ಯರು ಬರೆದದ್ದನ್ನು ಎರಡು ಸಲ ಓದಿದೆ. ತಪ್ಪಿನ ಸ್ವರೂಪದ ಬಗ್ಗೆ ಬರೆಯುವಾಗ, ಕೇಳುವುದನ್ನೇ ಬಿಟ್ಟವರ ಲೆಕ್ಕವನ್ನು ನಾನು ತೆಗೆದುಕೊಂಡಿರಲಿಲ್ಲ.

ಪ್ರಶ್ನೆ ಕೇಳಿದವರು:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮೆಯಿರಲಿ, ನೋಡದೆ ಬರೆಯುವುದು ಬೇಡವೆಂದು ಕಾದೆ.

ನನ್ನ ಕೋಣೆಯ ಸ್ಪೀಕರ್ ಅನ್ನು ಬೇರೆ ಖಾತೆಗೆ ಹಾಕಿ, ಅದನ್ನು ಮಾತ್ರ ಹೊಸದಕ್ಕೆ ಬದಲಾಯಿಸಿದೆ. ಮೊದಲ ವಾರ ಅಮ್ಮನ ಎಂಟು ಆಜ್ಞೆಗಳನ್ನು ದಿನಕ್ಕೆ ಮೂರು ಸಲ ನಾನೇ ಹೇಳಿ, ಒಂದು ಪುಸ್ತಕದಲ್ಲಿ ಗುರುತು ಹಾಕಿದೆ. ಒಟ್ಟು 168 ಸಲ. ಐದು ಸಲ ಬೇರೆ ಏನನ್ನೋ ಮಾಡಿತು. ಅದರಲ್ಲಿ ಒಮ್ಮೆ, ರಾತ್ರಿಯ ಅಲಾರಂ ಇಟ್ಟಿದ್ದೇನೆ ಎಂದು ಹೇಳಿತು, ಆ್ಯಪ್‌ನ ಪಟ್ಟಿಯಲ್ಲಿ ಅದು ಇರಲಿಲ್ಲ. ಅದೇ ವಾರ ಅಮ್ಮನ ಕೋಣೆಯ ಹಳೆಯದು ಅಮ್ಮನ ಮಾತಿಗೆ ‘ಅರ್ಥವಾಗಲಿಲ್ಲ’ ಎಂದದ್ದು ಹತ್ತೊಂಬತ್ತು ಸಲ. ಎಣಿಸುವವರೆಗೆ ಅದು ಇಷ್ಟಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಅಮ್ಮನನ್ನೇ ಕರೆದುಕೊಂಡು ಬಂದು ನನ್ನ ಕೋಣೆಯಲ್ಲಿ ಕೂರಿಸಿದೆ. ಕೇಳಬೇಕೆಂದು ಇಲ್ಲಿ ಒಬ್ಬರು ಹೇಳುವವರೆಗೆ ನನಗೆ ಹೊಳೆಯದೆ ಹೋದದ್ದಕ್ಕೆ ಬೇಸರವಿದೆ. ಅವರು ಮೊದಲು ಗಂಟೆ ಕೇಳಿದರು. ಉತ್ತರ ಬಂದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಗುರವಾಗಿ, ಅದರ ಹೆಸರನ್ನೂ ಹೇಳದೆ, ‘ಹಾಗಾದ್ರೆ ಕಣ್ಣಿನ ಹನಿಗೆ ಇನ್ನೂ ಎಷ್ಟು ಹೊತ್ತಿದೆ?’ ಎಂದರು. ಅದು ಇನ್ನೂ ಕೇಳಿಸಿಕೊಳ್ಳುತ್ತಿತ್ತು. ಹನಿ ಎಷ್ಟು ಗಂಟೆಗೆ ಎಂದು ಮರುಪ್ರಶ್ನೆ ಕೇಳಿತು, ಒಂಬತ್ತಕ್ಕೆ ಎಂದರು, ಎರಡು ಗಂಟೆ ಹತ್ತು ನಿಮಿಷ ಎಂದಿತು. ಅಮ್ಮ ನನ್ನ ಕಡೆ ತಿರುಗಿ, ‘ಇದು ತಿರುಗಿ ಕೇಳುತ್ತೆ ಕಣೋ’ ಎಂದರು. ಹಾಗೆಂದು ತಮ್ಮ ಕೋಣೆಯದನ್ನು ಬದಲಾಯಿಸಲು ಒಪ್ಪಲಿಲ್ಲ. ‘ರಾತ್ರಿ ಎದ್ದಾಗ ನನಗೆ ಮಾತುಕತೆ ಬೇಡ, ಗಂಟೆ ಬೇಕು’ ಎಂದರು.

ಹಾಗಾಗಿ ಸದ್ಯದ ಏರ್ಪಾಡು ಇದು. ಅಮ್ಮನ ಕೋಣೆಯಲ್ಲಿ ಹಳೆಯದೇ ಇದೆ. ಹಾಲ್‌ನದನ್ನೂ ಹೊಸ ಖಾತೆಗೆ ಸೇರಿಸಿದ್ದೇನೆ; ಉತ್ತರಗಳನ್ನು ಚುಟುಕಾಗಿಸಿದ್ದೇನೆ, ಕ್ಯಾಲೆಂಡರ್ ಮತ್ತು ಇಮೇಲ್ ಅನುಮತಿ ಕೊಟ್ಟಿಲ್ಲ, ಮುಂಬಾಗಿಲಿನ ಬೀಗವನ್ನು ಎರಡೂ ಖಾತೆಗಳಿಂದ ತೆಗೆದಿದ್ದೇನೆ. ಮಾತ್ರೆಗೂ ಹನಿಗೂ ಬ್ಯಾಟರಿಯಿಂದ ನಡೆಯುವ, ಮಾತಾಡಿ ಗಂಟೆ ಹೇಳುವ ಗಡಿಯಾರವೊಂದನ್ನು ಹಾಸಿಗೆಯ ಪಕ್ಕ ಇಟ್ಟಿದ್ದೇನೆ, ಅದರ ಗುಂಡಿಯ ಮೇಲೆ ಬೆರಳಿಗೆ ಸಿಗುವಂತೆ ಸಣ್ಣ ಬಟ್ಟೆಯ ಚೂರು ಅಂಟಿಸಿದ್ದೇನೆ. ಹಳೆಯ ಸೇವೆ ನಿಲ್ಲುವ ದಿನ ಬಂದರೆ ಅಷ್ಟರಲ್ಲಿ ಅಮ್ಮನಿಗೆ ಹಾಲ್‌ನದರ ರೂಢಿ ಆಗಿರಲಿ ಎಂಬುದು ನನ್ನ ಲೆಕ್ಕ.

ನಿನ್ನೆ ಸಂಜೆ ಅವರು ತಾವಾಗಿಯೇ ಗೋಡೆ ಹಿಡಿದುಕೊಂಡು ಹಾಲ್‌ಗೆ ಬಂದು ಕೂತು, ಚಿಕ್ಕಂದಿನಲ್ಲಿ ಕೇಳಿದ್ದ ಒಂದು ನಕ್ಷತ್ರದ ಬಗ್ಗೆ ಅದನ್ನು ಕೇಳಿದರು. ನಾಲ್ಕೈದು ಪ್ರಶ್ನೆ ಆದ ಮೇಲೆ, ಅದು ಹೇಳಿದ್ದು ಸರಿಯೇ ನೋಡು ಎಂದು ನನ್ನ ಮಗಳನ್ನು ಕರೆದರು. ಅವಳು ಪುಸ್ತಕ ತೆಗೆದು ಓದಿ ಹೇಳುತ್ತಿದ್ದಳು, ನಾನು ಇದನ್ನು ಬರೆಯಲು ಎದ್ದು ಬಂದೆ.